ಆ ದಿನ ಗೋಡೆ ಖಾಲಿಯಿತ್ತು

ನಾನು ನಿಂತಿದ್ದದ್ದು ನಾಲ್ಕನೇ ತರಗತಿಯ ಕೋಣೆಯ ಹಿಂಬದಿಯಲ್ಲಿ, ಕುಡಿಯುವ ನೀರಿನ ಫಿಲ್ಟರಿಗೂ ಪುಸ್ತಕದ ಕಪಾಟಿಗೂ ನಡುವೆ. ಎಡಕ್ಕೆ ಬಾಗಿಲು, ಬಲಕ್ಕೆ ಕಿಟಕಿ. ಕಿಟಕಿಯಾಚೆ ಅರ್ಧ ಕಟಾವಾದ ಕಬ್ಬಿನ ಹೊಲ. ಎದುರಿಗೆ ಮಕ್ಕಳ ಬೆನ್ನು, ಅವರಾಚೆ ಆ ತರಗತಿಯ ಶಿಕ್ಷಕಿ ಅಕ್ಕೋರು, ಅಕ್ಕೋರ ಹಿಂದೆ ಗೋಡೆ. ಕೊರೊನಾ ಬರುವ ಮುಂಚಿನ ಚಳಿಗಾಲ ಅದು. ಪ್ರಾರ್ಥನೆ ಮುಗಿದು ಎರಡನೇ ಪಿರಿಯಡ್ ಶುರುವಾಗಿತ್ತು. ಗೋಡೆ ನನಗೆ ಕಾಣದಂತೆ ಏನೂ ಅಡ್ಡ ಇರಲಿಲ್ಲ. ಗೋಡೆ ಖಾಲಿಯಿತ್ತು.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೋದ ತಿಂಗಳು ಅಕ್ಕೋರು ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಮೇಲಿನ ನಮ್ಮ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅದೇ ಕೋಣೆಯ ಅದೇ ಗೋಡೆಗೆ ಅವರ ಹೆಸರಿಟ್ಟರು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಫ್ಲೆಕ್ಸಿನಲ್ಲಿ ಸಾಕಷ್ಟು ದೊಡ್ಡದಾಗಿ ಬರೆಸಿದ್ದಾರೆ. ಅದರ ಸುತ್ತ ಬಣ್ಣಬಣ್ಣದ ಪ್ರಶ್ನೆಗಳನ್ನೂ ಮುದ್ರಿಸಿದ್ದಾರೆ. ಶಾಲೆಯ ಅಧ್ಯಕ್ಷರು ಮೈಕಿನ ಮುಂದೆ ನಿಂತು, ಮಾನ್ಯತೆ ಕೊಡುವ ಸಮಿತಿಯವರು ಬಂದ ದಿನ ಈ ಗೋಡೆಯ ತುಂಬ ಮಕ್ಕಳ ಪ್ರಶ್ನೆಗಳಿದ್ದವು, ಬಂದವರು ಬೆರಗಾಗಿ ನೋಡಿದರು, ಎಲ್ಲ ಈ ತಾಯಿಯ ಪುಣ್ಯ ಎಂದರು. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅವರು ಬೇಕೆಂದೇ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಅವರಿಗೆ ಹಾಗೆಯೇ ನೆನಪಿದೆ. ನನ್ನನ್ನು ಕಂಗೆಡಿಸಿದ್ದು ಅದು. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬರೆಯಲು ಕೂಡುತ್ತೇನೆ, ಏಳುತ್ತೇನೆ, ಅಂಗಳದವರೆಗೆ ಹೋಗಿ ಮತ್ತೆ ಬರುತ್ತೇನೆ.

ನಾನು ಸಾವಳಗಿಯವನು. ಸರಕಾರಿ ಶಾಲೆಯಿಂದ ನಿವೃತ್ತನಾದ ಮೇಲೆ ಇಲ್ಲಿ ಕನ್ನಡ ಕಲಿಸಲು ಸೇರಿಕೊಂಡೆ. ಶಾಲೆಯ ಹೆಸರಿನಲ್ಲಿ ಇಂಟರ್‌ನ್ಯಾಶನಲ್ ಎಂದಿದೆ. ಪದ್ಧತಿಯೂ ಹೊರದೇಶದ್ದೇ. ಇಲ್ಲಿ ಪಾಠ ಪುಸ್ತಕದಿಂದ ಶುರುವಾಗುವುದಿಲ್ಲ, ಮಗುವಿನ ಪ್ರಶ್ನೆಯಿಂದ ಶುರುವಾಗುತ್ತದೆ. ಒಂದು ವಿಷಯ ಹಿಡಿದರೆ ಹಲವು ವಾರ ಅದೇ ವಿಷಯ. ಮಕ್ಕಳು ತಮಗೆ ಹೊಳೆದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಶಿಕ್ಷಕರು ಉತ್ತರ ಹೇಳಿಬಿಡಬಾರದು. ಮಗು ತಾನೇ ಹುಡುಕಿಕೊಳ್ಳಲು ದಾರಿ ಮಾಡಿಕೊಡಬೇಕು. ಕೇಳಲಿಕ್ಕೆ ಸುಲಭ. ಇಡೀ ಶಾಲೆಯಲ್ಲಿ ಅದನ್ನು ನಿಜವಾಗಿ ಮಾಡುತ್ತಿದ್ದವರು ಅಕ್ಕೋರು ಒಬ್ಬರೇ.

ಅವರು ಜಮಖಂಡಿಯವರೇ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಮತ್ತೆ ಮರಾಠಿ. ಬಹಳ ವರ್ಷ ಪುಣೆಯ ಇಂಥದೇ ಶಾಲೆಯೊಂದರಲ್ಲಿ ಕಲಿಸಿ ಬಂದಿದ್ದರು. ಯಾಕೆ ಬಿಟ್ಟು ಬಂದಿರಿ ಎಂದು ಒಮ್ಮೆ ಕೇಳಿದೆ. "ಅಲ್ಲಿ ಪ್ರಶ್ನಿ ಗ್ವಾಡಿ ಮಾಡಾಕ ಡೆಕೋರೇಟರ್ ಬರ್ತಿದ್ದಾರಿ ಮಾಸ್ತರ್ರ" ಎಂದರು. "ಲಗ್ನದ ಮಂಟಪ ಮಾಡ್ತಾನಲ್ಲ, ಅವನ. ಇಲ್ಲಿ ಇನ್ನಾ ಗ್ವಾಡಿಗೆ ಸುಣ್ಣ ಸುದ್ದಾ ಹಚ್ಚಿಲ್ಲ ಅಂತ ಗೊತ್ತಾತು. ಬಂದಬಿಟ್ಟೆ."

ಅವರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಸಣ್ಣ ಆಳು, ಕಾಲಲ್ಲಿ ಚಕ್ರ. ಮೇಜಿನಿಂದ ಮೇಜಿಗೆ, ಕಿಟಕಿಯಿಂದ ಬಾಗಿಲಿಗೆ. ಮಗು ಮಾತಾಡಿಸಿದರೆ ಮಾತ್ರ ತಟ್ಟನೆ ಮೊಣಕಾಲೂರಿ ಅದರ ಮುಖಕ್ಕಿಂತ ಕೆಳಗೆ ತಮ್ಮ ಮುಖ ತರುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಸಣ್ಣ ಸ್ಟೀಲ್ ಡಬ್ಬಿ ಇರುತ್ತಿತ್ತು. ಅದರಲ್ಲಿ ಲವಂಗ. ಮಗು ಒಳ್ಳೆಯ ಪ್ರಶ್ನೆ ಕೇಳಿದರೆ ಅವರು ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದರ ಖಾರ ಇಳಿಯುವವರೆಗೆ ಮಾತಿಲ್ಲ.

"ಗೊತ್ತಿದ್ದದ್ದು ನಾಲಿಗಿ ತುದೀಗೆ ಬಂದು ಕುಂತಿರ್ತದರೀ" ಎಂದು ನನಗೆ ವಿವರಿಸಿದ್ದರು. "ಅದನ್ನ ತಡಿಯಾಕ ಏನರ ಬೇಕಲ್ಲ."

ಮಕ್ಕಳಿಗೆ ಇದು ಆಟದ ನಿಯಮವಾಗಿ ಹೋಗಿತ್ತು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ತೂಗುತ್ತಿದ್ದರು. "ಹೋಗಲೇ, ಇದಕ್ಕೆಲ್ಲಾ ಲವಂಗ ಬೀಳಂಗಿಲ್ಲ" ಎಂದು ಒಬ್ಬ. "ಬೀಳ್ತೈತಿ ನೋಡ" ಎಂದು ಇನ್ನೊಬ್ಬಳು.

ಒಂದು ಸಲ ಮೇಜಿನ ಮೇಲೆ ಒಂದು ಗೊಂಚಲು ದ್ರಾಕ್ಷಿ, ಪಕ್ಕದಲ್ಲಿ ಒಂದು ಹಿಡಿ ಮಣೂಕ ಇಟ್ಟು ಸುಮ್ಮನೆ ನಿಂತರು. ನಮ್ಮ ಕಡೆಯ ಮಕ್ಕಳಿಗೆ ಒಣದ್ರಾಕ್ಷಿ ಹೊಸದಲ್ಲ, ಒಣಗಿಸುವ ಶೆಡ್ಡುಗಳಲ್ಲೇ ಆಡಿ ಬೆಳೆದವರು. ಎಲ್ಲರೂ ಎರಡನ್ನೂ ತಿಂದರು. ಕೊನೆಗೆ ಭಾಗ್ಯಶ್ರೀ ಎಂಬ ಹುಡುಗಿ ಕೇಳಿದಳು. ರನ್ನ ಬೆಳಗಲಿಯವಳು, ಮನೆಯಲ್ಲಿ ಕುರಿ ಹಿಂಡು ಇತ್ತು, ಗಟ್ಟಿ ದನಿ.

"ಮಿಸ್‌ರೀ, ದ್ರಾಕ್ಷಿ ಒಣಗಿದ್ರ ಮಣೂಕ ಆಕ್ಕೈತಿ. ಮಣೂಕ ನೀರಾಗ ಹಾಕಿದ್ರ ಮತ್ತ ದ್ರಾಕ್ಷಿ ಯಾಕ ಆಗಂಗಿಲ್ರಿ?"

ಲವಂಗ ಬಿತ್ತು. ಮುಂದಿನ ಕೆಲವು ದಿನ ಆ ಕೋಣೆಯ ತುಂಬ ಬಟ್ಟಲು, ಬಟ್ಟಲ ತುಂಬ ಉಬ್ಬಿದ ಮಣೂಕ. ಬಿಸಿನೀರು, ತಣ್ಣೀರು, ಉಪ್ಪು ನೀರು. ವಾಸನೆ ಬಂದು ಪ್ರಾಚಾರ್ಯರು ಮೂಗು ಮುಚ್ಚಿಕೊಂಡರು. "ಅಕ್ಕಾರ, ಒಂದ್ ವಾಕ್ಯದಾಗ ಹೇಳಿ ಮುಗಿಸಬಹುದಿತ್ತಲ್ರಿ" ಎಂದರು. ಅಕ್ಕೋರು, "ಮುಗಿಸಬಹುದಿತ್ತರಿ. ಅದಕ್ಕ ಹೇಳಲಿಲ್ಲ" ಎಂದರು.

ಇನ್ನೊಂದು ಸಲ ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿಗೆ ಮಕ್ಕಳನ್ನು ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಸೀರೆ ಹೇಗೆ ನೇಯುತ್ತಾರೆ ಎಂದು ಮಕ್ಕಳು ಕೇಳಬಹುದೆಂದು ನಾನು ತಯಾರಾಗಿದ್ದೆ. ಅವರು ಕೇಳಿದ್ದು ಬೇರೆ: ಈ ಸಪ್ಪಳದಲ್ಲಿ ಇವರು ಒಬ್ಬರಿಗೊಬ್ಬರು ಮಾತಾಡುವುದು ಹೇಗೆ? ಮಗ್ಗದ ಮುಂದಿದ್ದ ಹೆಂಗಸು ಮಗ್ಗ ನಿಲ್ಲಿಸಿ ನಕ್ಕಳು. "ಕೈಲೇ ಮಾತಾಡ್ತೀವವಾ. ತುಟಿ ನೋಡ್ತೀವಿ. ಬೈಯೂದು ಸುದ್ದಾ ಕೈಲೇ" ಎಂದು ಬೈದು ತೋರಿಸಿದಳು. ಮರುದಿನ ನಾಲ್ಕನೇ ತರಗತಿಯಲ್ಲಿ ಇಡೀ ದಿನ ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ನಡೆಯಿತು.

ನನ್ನ ತರಗತಿಗೂ ಬಂದು ಹಿಂದೆ ನಿಲ್ಲುತ್ತಿದ್ದರು. ಮೊದಮೊದಲು ನನಗದು ಕಿರಿಕಿರಿ. ಒಂದು ದಿನ ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತ ಹೇಳಿದರು: "ಮಾಸ್ತರ್ರ, ನೀವು ಭಾಳ ಲಗೂ ಉತ್ತರ ಕೊಡ್ತೀರಿ. ಹುಡುಗರ ಪ್ರಶ್ನಿ ಇನ್ನಾ ಎದ್ದು ನಿಂತಿರಂಗಿಲ್ಲ, ಕುಂಡ್ರಿಸಿಬಿಡ್ತೀರಿ."

ಗೋಡೆಯ ವಿಷಯದಲ್ಲಿ ಅವರದೇ ಎರಡು ನಿಯಮಗಳಿದ್ದವು. ಪ್ರಶ್ನೆ ಯಾವ ಭಾಷೆಯಲ್ಲಿ ಹುಟ್ಟಿತೋ ಅದೇ ಭಾಷೆಯಲ್ಲಿ ಬರೆಯಬೇಕು. ಇಂಗ್ಲಿಷ್ ಶಾಲೆ ಎಂದು ತಿರುಗಿಸಬಾರದು. ಮತ್ತು ಚೀಟಿಯ ಕೆಳಗೆ, ತಾನು ಎಲ್ಲಿ ನಿಂತಿದ್ದಾಗ ಅದು ಹೊಳೆಯಿತು ಎಂದು ಬರೆಯಬೇಕು. ಎರಡನೆಯದೇ ಮುಖ್ಯ ಎನ್ನುತ್ತಿದ್ದರು. "ನಿಂತ ಜಾಗಾ ಇಲ್ಲದ ಪ್ರಶ್ನಿ ನಂಬಬ್ಯಾಡ್ರಿ." ಹಾಗಾಗಿ ಗೋಡೆಯ ಮೇಲೆ ಪ್ರಶ್ನೆಗಿಂತ ಜಾಗಗಳನ್ನು ಓದುವುದೇ ನನಗೆ ಹೆಚ್ಚು ಖುಷಿ. ಬಾವಿ ಕಟ್ಟೆ ಮೇಲೆ. ಬಸ್ಸಿನ ಹಿಂದಿನ ಸೀಟು. ಅಜ್ಜನ ಹಾಸಿಗೆ ಬಾಜೂಕ.

ಬೀಳಗಿ ಕಡೆಯಿಂದ ಬರುತ್ತಿದ್ದ ಮಲ್ಲು ಎಂಬ ಹುಡುಗನ ಚೀಟಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿ, ಎತ್ತರದಲ್ಲಿ ಕಟ್ಟಿಕೊಂಡ ಊರು ಅವನದು. ಆಗ ಅವನ ತಂದೆ ಚಿಕ್ಕ ಹುಡುಗ. "ನಮ್ಮೂರಿಗೆ ಎಲ್ಲಾರೂ ಹೊಸ ಊರು ಅಂತಾರ. ಅದು ಹಳೇದು ಯಾವಾಗ ಆಗ್ತದ?" ಕೆಳಗೆ: ನೀರಿನ ದಂಡಿ ಮ್ಯಾಲೆ, ಅಜ್ಜಿ ಬೊಟ್ಟು ಮಾಡಿ ತೋರಸೂ ಮುಂದ. ಅದಕ್ಕೆ ಅಕ್ಕೋರು ಒಂದಾದ ಮೇಲೊಂದು ಎರಡು ಲವಂಗ ಹಾಕಿಕೊಂಡಿದ್ದರು.

ಗೋಡೆಯ ಫೋಟೋಗಳನ್ನು ಶಾಲೆಯವರು ಪಾಲಕರ ವಾಟ್ಸಾಪ್ ಗುಂಪಿಗೆ ಹಾಕತೊಡಗಿದ್ದು ಆಮೇಲೆ. ಅಲ್ಲಿಂದ ಕೆಟ್ಟಿತು. ಯಾರ ಮಕ್ಕಳ ಪ್ರಶ್ನೆ ಎಷ್ಟು, ಯಾರದು ಮೇಲಿದೆ, ಯಾರದು ಮೂಲೆಯಲ್ಲಿದೆ ಎಂದು ಮನೆಮನೆಯಲ್ಲಿ ಲೆಕ್ಕ ಶುರುವಾಯಿತು. ರಬಕವಿಯ ಒಬ್ಬ ತಂದೆ ಶಾಲೆಗೇ ಬಂದು, "ಮೇಡಮ್ಮರ, ನನ್ನ ಮಗಂದು ಒಂದೂ ಪ್ರಶ್ನಿ ಗ್ವಾಡಿಗೆ ಹತ್ತವಲ್ದು. ಏನ್ ಕಡಿಮಿ ಆಗೈತಿ ಹೇಳ್ರಿ, ಹಾಕಿಸ್ತೀನಿ" ಎಂದ. ಅವನಿಗೆ ಮಗ್ಗಗಳಿದ್ದವು, ಏನು ಕಡಿಮೆಯಾದರೂ ತರಿಸಿ ಹಾಕಿಸುವುದು ಅವನ ರೂಢಿ.

ಅವನ ಮಗ ರೋಹಿತ. ಕೆಲವು ವಾರಗಳ ನಂತರ ಅವನ ಪ್ರಶ್ನೆಗಳು ಸಾಲುಸಾಲಾಗಿ ಗೋಡೆ ಹತ್ತಿದವು. ಎಲ್ಲರವೂ ಹತ್ತಿದವು. ದುಂಡಗಿನ ಅಕ್ಷರ, ಒಳ್ಳೆಯ ಇಂಗ್ಲಿಷ್. ಆಗ ನಡೆಯುತ್ತಿದ್ದ ವಿಷಯ ಮನೆ. ಜಗತ್ತಿನ ಮನೆಗಳ ಮೇಲೆ ಹವಾಮಾನ ಬದಲಾವಣೆಯ ಪರಿಣಾಮಗಳೇನು? ಸುಸ್ಥಿರ ವಸತಿಯ ಮಹತ್ವವೇನು? ಇಂಥವು. ಪ್ರಾಚಾರ್ಯರು ಫೋಟೋ ತೆಗೆದು ತೆಗೆದು ದಣಿದರು.

ಅಕ್ಕೋರು ಎರಡು ದಿನ ಗೋಡೆಯ ಮುಂದೆ ಅತ್ತಿಂದಿತ್ತ ಓಡಾಡಿದರು. ಆಮೇಲೆ ರೋಹಿತನ ಮುಂದೆ ಮೊಣಕಾಲೂರಿದರು. ನಾನು ಹಾಜರಿ ಪುಸ್ತಕ ಒಯ್ಯಲು ಬಂದವನು ಅಲ್ಲೇ ಇದ್ದೆ.

"ರೋಹಿತಪ್ಪಾ, ಇದರ ಕೆಳಗ 'ಗಾರ್ಡನ್ನಿನಾಗ' ಅಂತ ಬರದೀ. ನಿಮ್ಮ ಮನಿಗೆ ಗಾರ್ಡನ್ ಎಲ್ಲದ?"

"ಇಲ್ರಿ. ಕೆಳಗ ಮಗ್ಗ, ಮ್ಯಾಲ ಮನೀರಿ."

"ಮತ್ತ?"

"ಎಲ್ಲಾರೂ ಹಂಗ ಬರೀರಿ ಅಂತ ಸರ್ ಹೇಳ್ಯಾರ್ರಿ."

"ಯಾವ ಸರಪಾ?"

"ಪ್ರಶ್ನಿ ಟ್ಯೂಶನ್ ಸರ್ರಿ."

ಅಕ್ಕೋರು ಗೋಡೆಯ ಕಡೆ ತಿರುಗಿದರು. ಒಂದೊಂದೇ ಚೀಟಿಯ ಕೆಳತುದಿಯನ್ನು ಬೆರಳಿನಿಂದ ಎತ್ತಿ ನೋಡಿದರು. ಗಾರ್ಡನ್, ಗಾರ್ಡನ್, ಗಾರ್ಡನ್. ಸಂಜೆ ಹೊತ್ತು ಮಕ್ಕಳನ್ನು ಕೂರಿಸಿ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವ ಒಬ್ಬ ಮಾಸ್ತರರು ಊರಲ್ಲಿ ಹುಟ್ಟಿಕೊಂಡಿದ್ದರು. ಅವರಿಗೆ ನಿಯಮ ಗೊತ್ತಿತ್ತು; ಜಾಗ ಬರೆಯಬೇಕು ಎಂಬುದೂ ಗೊತ್ತಿತ್ತು. ಅದಕ್ಕೊಂದು ಜಾಗ ಕೊಟ್ಟಿದ್ದರು, ಅಷ್ಟೆ.

"ಮಲ್ಲೂ, ನಿಂದು ಎಲ್ಲೋ? ನಿಮ್ಮೂರಿಂದು?" ಎಂದು ಅಕ್ಕೋರು ಕೇಳಿದರು.

ಮಲ್ಲು ತಲೆ ತಗ್ಗಿಸಿದ. "ಅಪ್ಪ ತಗಿಸ್ಯಾರ್ರಿ. ಊರು ಹಳೇದಾದ್ರೇನು ಹೊಸಾದಾದ್ರೇನು, ಸೈನ್ಸ್ ಪ್ರಶ್ನಿ ಕೇಳ ಅಂದಾರ್ರಿ."

ಅವರು ಬೈಯಲಿಲ್ಲ. ಎಲ್ಲರೂ ಬಂದು ತಮ್ಮ ತಮ್ಮ ಚೀಟಿ ಬಿಡಿಸಿಕೊಂಡು ಮನೆಗೆ ಒಯ್ಯಿರಿ ಎಂದರು. ಮಕ್ಕಳು ಬಿಡಿಸಿದರು. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಅಂಟಿನ ಕಲೆ ಬಿಟ್ಟರೆ ಏನೂ ಉಳಿದಿರಲಿಲ್ಲ. "ಖಾಲಿ ಇರಲಿ. ಗಡಬಡಿ ಇಲ್ಲ. ನಿಮ್ಮದು ಬಂದಾಗ ಹಚ್ಚೋಣಂತ" ಎಂದರು.

ಪಾಲಕರ ಸಭೆಯಲ್ಲಿ ಗಲಾಟೆಯಾಯಿತು. ಒಬ್ಬ ತಾಯಿ ನಿಂತು ಕೇಳಿದ್ದು ಹೀಗೆ: "ಅಕ್ಕಾರ, ಮೊದಲ ಉತ್ತರದ ಟ್ಯೂಶನ್ ಬ್ಯಾಡ ಅಂದ್ರಿ, ಬಿಡಿಸಿದ್ವಿ. ಈಗ ಪ್ರಶ್ನಿ ಟ್ಯೂಶನ್ನೂ ಬ್ಯಾಡ ಅಂತೀರಿ. ಹಂಗಾದ್ರ ಹುಡುಗರು ಸಂಜೀಕ ಏನ್ ಮಾಡ್ಬೇಕ್ರಿ?"

"ಬ್ಯಾಸರಾ ಮಾಡ್ಕೋಬೇಕ್ರಿ" ಎಂದರು ಅಕ್ಕೋರು.

ಸಭೆ ನಕ್ಕಿತು. ತಾಯಿ ನಗಲಿಲ್ಲ. ಅಕ್ಕೋರೂ ನಗಲಿಲ್ಲ, ಅವರು ತಮಾಷೆ ಮಾಡಿರಲಿಲ್ಲ.

ಆದರೆ ಆಮೇಲೆ ನಡೆದದ್ದನ್ನು ಅವರು ಎಣಿಸಿರಲಿಲ್ಲ. ಮಕ್ಕಳು ಕೇಳುವುದನ್ನೇ ನಿಲ್ಲಿಸಿದರು. ಟ್ಯೂಶನ್ನಿನ ಪ್ರಶ್ನೆ ತಂದರೆ ಮಿಸ್ ಒಲ್ಲೆ ಅನ್ನುತ್ತಾರೆ, ತಮ್ಮದನ್ನು ಕೇಳಿದರೆ ಮನೆಯಲ್ಲಿ ಬೈಯುತ್ತಾರೆ. ಸುಮ್ಮನಿರುವುದು ಎಲ್ಲಕ್ಕಿಂತ ಸುರಕ್ಷಿತ ಎಂದು ಅವರಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅಕ್ಕೋರು ಮೇಜಿನ ಮೇಲೆ ಹಕ್ಕಿ ಗೂಡು ತಂದಿಟ್ಟರು, ಮುರಿದ ಬೀಗ ಇಟ್ಟರು, ಮಂಜುಗಡ್ಡೆ ಇಟ್ಟರು. ಮಕ್ಕಳು ನೋಡಿದರು. ಮಂಜುಗಡ್ಡೆ ಕರಗಿತು. ಯಾರೂ ಏನೂ ಕೇಳಲಿಲ್ಲ. ಆ ವಾರಗಳಲ್ಲಿ ಅವರು ಬಸ್ ನಿಲ್ದಾಣದವರೆಗೆ ನನ್ನ ಜೊತೆ ನಡೆದು ಬರುವರು, ನನ್ನ ಬಸ್ಸು ಬಂದರೂ ಮಾತು ಮುಗಿಸಲಾರರು. "ಮಾಸ್ತರ್ರ, ಕಿತ್ತು ಹಾಕೂದು ಸರಳ ಇತ್ತು. ನಾ ಬೇರು ಸುದ್ದಾ ಕಿತ್ತೆನೇನು?" ಎಂದು ಅದನ್ನೇ ತಿರುಗಿ ತಿರುಗಿ ಕೇಳುವರು.

ಹೀಗಿರುವಾಗ ಸಮಿತಿಯವರು ಬರುವ ದಿನ ಗೊತ್ತಾಯಿತು. ಶಾಲೆಗೆ ಹೊರದೇಶದ ಮಾನ್ಯತೆ ಸಿಗಬೇಕಾದರೆ ಅವರು ಬಂದು ತರಗತಿ ನೋಡಬೇಕು, ಮಕ್ಕಳ ಜೊತೆ ಮಾತಾಡಬೇಕು. ಎಲ್ಲಕ್ಕಿಂತ ಮೊದಲು ನೋಡುವುದೇ ಆ ಗೋಡೆಯನ್ನು ಎಂದು ಪ್ರಾಚಾರ್ಯರಿಗೆ ಯಾರೋ ಹೇಳಿದ್ದರು.

ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ಪ್ರಾಚಾರ್ಯರ ಕೋಣೆಗೆ ನಮ್ಮಿಬ್ಬರನ್ನೂ ಕರೆದರು. ನನ್ನನ್ನು ಕರೆದದ್ದು, ಮಕ್ಕಳು ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಹೇಳಬೇಕೆಂದು. ಅಧ್ಯಕ್ಷರು ಕೂತಿದ್ದರು. ಅವರು ಕೆಟ್ಟ ಮನುಷ್ಯರಲ್ಲ. ದ್ರಾಕ್ಷಿ ವ್ಯಾಪಾರದಲ್ಲಿ ಗಳಿಸಿದ್ದನ್ನು ಹೊಲದ ನಡುವೆ ಶಾಲೆಗೆ ಸುರಿದವರು.

"ಅಕ್ಕಾರ, ಗ್ವಾಡಿ ಖಾಲಿ ಇಟ್ರ ಬಂದಾವರು ನಮ್ಮನ್ನ ಖಾಲಿ ಅಂತಾರ್ರಿ" ಎಂದರು.

"ಅವು ಹುಡುಗರು ಕೇಳಿದ್ದಲ್ರಿ. ಹಚ್ಚಿದ್ರ ಸುಳ್ಳು ಆಗ್ತದ."

"ಏನ್ರಿ ಅಕ್ಕಾರ, ಉತ್ತರಕ್ಕ ಸುಳ್ಳು ಖರೆ ಇರ್ತೈತಿ. ಪ್ರಶ್ನಿಗೂ ಇರ್ತೈತೇನ್ರಿ?"

ಅಕ್ಕೋರು ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ಅದು ನಿಜಕ್ಕೂ ಒಳ್ಳೆಯ ಪ್ರಶ್ನೆಯಾಗಿತ್ತು. ಅಧ್ಯಕ್ಷರಿಗೆ ಮಾತ್ರ ಇದು ತಮಗೆ ಮಾಡಿದ ಅವಮಾನದಂತೆ ಕಂಡಿತು. ಎದ್ದು ನಿಂತರು. ಪ್ರಾಚಾರ್ಯರು ಒಂದು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟರು. ಟ್ಯೂಶನ್ನಿನ ಪ್ರಶ್ನೆಗಳನ್ನೇ ಬಣ್ಣದ ಕಾಗದದ ಮೇಲೆ ಮತ್ತೆ ಬರೆಸಿದ್ದರು.

"ಮುಂಜಾನಿ ಲಗೂ ಬಂದು ಹಚ್ಚಿಬಿಡ್ರಿ" ಎಂದರು ಪ್ರಾಚಾರ್ಯರು.

"ಹಚ್ಚಲಿಲ್ಲಂದ್ರ?"

ಅಧ್ಯಕ್ಷರು ಬಾಗಿಲ ಕಡೆ ನೋಡುತ್ತ ಹೇಳಿದರು: "ಹಚ್ಚಲಿಲ್ಲಂದ್ರ ನಿಮ್ಮ ದಾರಿ ನಿಮಗ, ನಮ್ಮ ದಾರಿ ನಮಗ್ರಿ."

ಮರುದಿನ ಬೆಳಿಗ್ಗೆ ನಾನು ಕೋಣೆಗೆ ಹೋದಾಗ ಚೀಲ ಕಪಾಟಿನ ಮೇಲಿತ್ತು, ಬಾಯಿ ಕಟ್ಟಿದ ಹಾಗೆಯೇ. ಆಯಾ ಶಾಂತವ್ವ ಕಸಬರಿಗೆ ಹಿಡಿದು ನಿಂತಿದ್ದಳು.

"ನಾ ಹಚ್ಚಲೇನ್ರಿ ಅಕ್ಕಾರ? ಜಿಗಟು ಪಟ್ಟಿ ಐತಿ."

"ಬ್ಯಾಡ ಶಾಂತವ್ವಾ. ನೀ ಕಸಾ ಹೊಡಿ."

ಈಗ ಮತ್ತೆ ನಾನು ನಿಂತ ಜಾಗಕ್ಕೆ ಬರುತ್ತೇನೆ. ಫಿಲ್ಟರು, ಕಪಾಟು, ನಡುವೆ ನಾನು. ಸಮಿತಿಯಿಂದ ಬಂದವರು ಇಬ್ಬರು: ನರೆಗೂದಲಿನ ಒಬ್ಬ ಹೆಂಗಸು, ಎತ್ತರದ ಒಬ್ಬ ಗಂಡಸು. ಇಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ಅವರ ಹಿಂದೆ ಪ್ರಾಚಾರ್ಯರು. ಬಾಗಿಲಲ್ಲಿ ಅಧ್ಯಕ್ಷರು, ಅವರ ಒಂದು ಕಾಲು ಹೊಸ್ತಿಲೊಳಗೆ, ಒಂದು ಹೊರಗೆ. ಶಾಂತವ್ವ ಕಾರಿಡಾರಿನ ಕಿಟಕಿಯಲ್ಲಿ.

ಹೆಂಗಸು ಮಕ್ಕಳನ್ನು ನೋಡಿ, ನಿಮಗೆಲ್ಲ ಈಗ ಏನು ಪ್ರಶ್ನೆಗಳಿವೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ರೋಹಿತ ತಂದೆಯ ಭಯಕ್ಕೋ ಏನೋ ಅರ್ಧ ಎದ್ದವನು ಮತ್ತೆ ಕೂತ. ಆಮೇಲೆ ಆ ಹೆಂಗಸು ಗೋಡೆಯ ಕಡೆ ನೋಡಿದರು, ಅಕ್ಕೋರ ಕಡೆ ನೋಡಿದರು, ಈ ಗೋಡೆ ಯಾಕೆ ಖಾಲಿ ಎಂದು ಕೇಳಿದರು. ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ.

ಅಕ್ಕೋರ ಇಂಗ್ಲಿಷ್ ಚೆನ್ನಾಗಿತ್ತು. ಬಾಯಿ ತೆರೆದರು. ಮತ್ತೆ ಮುಚ್ಚಿದರು. ಕೈಯನ್ನು ಸೀರೆಯ ನಿರಿಗೆಗೆ ಒತ್ತಿ ಹಿಡಿದಿದ್ದರು, ಆದರೂ ನಿರಿಗೆ ನಡುಗುವುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ಎಂದೂ ಒಂದೆಡೆ ನಿಲ್ಲದವರು ಅಲ್ಲೇ ನೆಟ್ಟುಹೋಗಿದ್ದರು. ಹೊಲದಲ್ಲಿ ಕಬ್ಬು ಕಡಿಯುವ ಸಪ್ಪಳ ಒಳಗೆ ಬರುತ್ತಿತ್ತು.

ಆಗ ಭಾಗ್ಯಶ್ರೀ ಕೇಳಿದಳು. ಎದ್ದು ನಿಲ್ಲಲಿಲ್ಲ, ಕೈ ಎತ್ತಲಿಲ್ಲ.

"ಮಿಸ್‌ರೀ, ನಿಮಗ ಅಂಜಿಕಿ ಬಂದೈತೇನ್ರಿ?"

ಅಕ್ಕೋರ ಕೈ ಸೊಂಟಕ್ಕೆ ಹೋಯಿತು. ಡಬ್ಬಿ ತೆಗೆದರು. ಮುಚ್ಚಳ ತೆರೆದರು. ಒಳಗೆ ನೋಡಿದರು. ಮುಚ್ಚಳ ಹಾಕಿಬಿಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಹೌದವಾ. ಬಂದದ" ಎಂದರು.

"ಯಾಕ್ರಿ?"

"ಗ್ವಾಡಿ ಮ್ಯಾಲಿನವು ನಾನ ತಗಿಸಿದೆ. ಆಮ್ಯಾಲೆ ನೀವು ಯಾರೂ ಏನೂ ಕೇಳಲಿಲ್ಲ. ನಾ ತಪ್ಪು ಮಾಡಿದ್ನೇನೋ ಅಂತ ಅಂಜಿಕಿ."

ನರೆಗೂದಲಿನ ಹೆಂಗಸು ನನ್ನ ಕಡೆ ತಿರುಗಿದರು. ಹುಡುಗಿ ಕೇಳಿದ್ದನ್ನೂ ಅಕ್ಕೋರು ಹೇಳಿದ್ದನ್ನೂ ಇದ್ದದ್ದು ಇದ್ದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಪ್ರಾಚಾರ್ಯರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಕಿಟಕಿ ಪಕ್ಕದಿಂದ ಮಲ್ಲುವಿನ ದನಿ ಬಂತು. ಮಾತಾಡುತ್ತಿರುವುದು ತಾನೇ ಎಂದು ಅವನಿಗೇ ಗೊತ್ತಿರಲಿಲ್ಲವೇನೋ.

"ದೊಡ್ಡಾವರಿಗೆ ಅಂಜಿಕಿ ಬಂದ್ರ ಯಾರಿಗೆ ಹೇಳ್ತಾರ್ರಿ?"

ಅಕ್ಕೋರು ಅವನನ್ನು ನೋಡಿದರು. ಆಮೇಲೆ ಡಬ್ಬಿ ಮತ್ತೆ ತೆರೆದು, ಒಂದು ಲವಂಗ ಆರಿಸಿ ಬಾಯಿಗೆ ಹಾಕಿಕೊಂಡರು.

ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ಲವಂಗ ಬಿತ್ತಲೇ."

ಅಧ್ಯಕ್ಷರು ಹೊಸ್ತಿಲೊಳಗಿದ್ದ ಕಾಲನ್ನೂ ಹೊರಗೆ ತೆಗೆದುಕೊಂಡು ಹೊರಟುಹೋದರು. ಅವರಿಗೆ ನೆನಪು ಬೇರೆಯಾಗಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಉಳಿದದ್ದನ್ನು ಅವರು ನೋಡಲಿಲ್ಲ. ಮಕ್ಕಳು ಕೇಳತೊಡಗಿದ್ದರು. ಅಂಜಿಕೆ ಬಂದರೆ ಕೈ ಯಾಕೆ ನಡುಗುತ್ತದೆ, ಕುರಿಗೆ ಅಂಜಿಕೆ ಬಂದರೆ ಹಿಂಡಿಗೆಲ್ಲ ಹೇಗೆ ಗೊತ್ತಾಗುತ್ತದೆ, ಮಗ್ಗದ ಸಪ್ಪಳದಲ್ಲಿ ಅಂಜಿದವರು ಕೈಯಿಂದ ಏನೆಂದು ಹೇಳುತ್ತಾರೆ. ಕೊನೆಯದು ರೋಹಿತನದು. ನಾನು ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಅಕ್ಕೋರು ಒಂದಕ್ಕೂ ಉತ್ತರ ಕೊಡಲಿಲ್ಲ. ಗೋಡೆಗೆ ಒಂದು ಚೀಟಿಯೂ ಹತ್ತಲಿಲ್ಲ. ಬರೆಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಸಮಿತಿಯವರು ಹೋಗುವಾಗಲೂ ಗೋಡೆ ಖಾಲಿಯಿತ್ತು.

ಆ ವರ್ಷ ಮಾನ್ಯತೆ ಸಿಗಲಿಲ್ಲ. ಅದಕ್ಕೆ ಗೋಡೆ ಕಾರಣವೋ ಬೇರೆ ಏನೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಅಕ್ಕೋರನ್ನು ತೆಗೆದರು ಎಂದು ಬರೆದರೆ ಶಾಲೆಯವರು ಒಪ್ಪಲಿಕ್ಕಿಲ್ಲ. 'ನಿಮ್ಮ ದಾರಿ ನಿಮಗ' ಎಂದಿದ್ದರು, ಬೇಸಿಗೆಯ ನಂತರ ಕರೆಯಲಿಲ್ಲ ಎಂದು ಬರೆದರೆ ಯಾರೂ ಅಲ್ಲಗಳೆಯಲಾರರು. ಅಷ್ಟರಲ್ಲಿ ಕೊರೊನಾ ಬಂದು ಎಲ್ಲ ಬಾಗಿಲುಗಳೂ ಮುಚ್ಚಿದವು. ಯಾವ ಬಾಗಿಲು ಯಾಕೆ ಮುಚ್ಚಿತೆಂದು ಯಾರೂ ವಿಚಾರಿಸಲಿಲ್ಲ. ಕೆಲವು ವರ್ಷಗಳ ಮೇಲೆ ಮಾನ್ಯತೆಯೂ ಬಂತು. ಆಗ ಗೋಡೆ ತುಂಬಿತ್ತು.

ಜಮಖಂಡಿಗೆ ಹೋದಾಗೆಲ್ಲ ನಾನು ಅವರ ಮನೆಗೆ ಹೋಗುತ್ತಿದ್ದೆ. ಕಾಯಿಲೆ ಬಿದ್ದ ಮೇಲೂ ಒಂದೆಡೆ ಕೂರುತ್ತಿರಲಿಲ್ಲ. ಗೋಡೆ ಹಿಡಿದು ಅಡಿಗೆಮನೆಗೂ ಪಡಸಾಲೆಗೂ ಅಲೆಯುತ್ತ ಮಾತಾಡುವರು. ಕೊನೆಯ ಸಲ ಹೋದಾಗ ಕೇಳಿದರು:

"ಗ್ವಾಡಿ ಹೆಂಗದರಿ ಮಾಸ್ತರ್ರ?"

"ತುಂಬೈತ್ರಿ."

"ಎಲ್ಲಿ ನಿಂತು ಕೇಳ್ಯಾರಂತ?"

"ಗಾರ್ಡನ್ನಿನಾಗ್ರಿ."

ಕೆಮ್ಮು ಬರುವವರೆಗೆ ನಕ್ಕರು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ. "ಮಲ್ಲೂ ಮತ್ತ ಏನರ ಕೇಳಿದ್ನೇನ್ರಿ, ಆ ಊರಿಂದು?" ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ನಾನು ಪ್ರಾಚಾರ್ಯರ ಬಳಿ ಹೋಗಿ ಹೇಳಿದೆ: "ಸರ, ಅವತ್ತ ಗ್ವಾಡಿ ಖಾಲಿ ಇತ್ತರಿ."

ಅವರು ಸುತ್ತ ನೋಡಿದರು. "ಮಾಸ್ತರ್ರ, ಹೋದಾವರ ಬಗ್ಗೆ ಛಲೋ ಮಾತಾಡಬೇಕ್ರಿ."

"ನಾನು ಛಲೋನ ಮಾತಾಡಾಕತ್ತೇನ್ರಿ" ಎಂದೆ.

ಅವರು ನನ್ನ ಭುಜ ತಟ್ಟಿ ಚಹಾದ ಕಡೆ ಕರೆದುಕೊಂಡು ಹೋದರು.

ಫ್ಲೆಕ್ಸಿನ ಮೇಲಿನ ಪ್ರಶ್ನೆಗಳನ್ನು ಆಮೇಲೆ ಹತ್ತಿರ ಹೋಗಿ ಓದಿದೆ. ಒಂದರ ಕೆಳಗೂ ಜಾಗ ಬರೆದಿಲ್ಲ. ಅದಕ್ಕೇ ನಾನು ನಿಂತ ಜಾಗವನ್ನು ಮೊದಲು ಬರೆದೆ. ಒಬ್ಬನ ಮಾತು ಸಾಲದೆನ್ನುವವರಿಗೆ, ಅವತ್ತು ಆ ಕೋಣೆಯನ್ನು ಕಂಡವರು ಇನ್ನೂ ಇದ್ದಾರೆ. ಭಾಗ್ಯಶ್ರೀ ಮುಧೋಳದಲ್ಲಿ ಪಿಯುಸಿ ಓದುತ್ತಿದ್ದಾಳೆ. ಅವಳು ಮುಂದಿನ ಸಾಲಿನಲ್ಲಿ, ಗೋಡೆಗೆ ಎಲ್ಲರಿಗಿಂತ ಹತ್ತಿರ ಇದ್ದಳು. ರೋಹಿತ ರಬಕವಿಯಲ್ಲಿದ್ದಾನೆ, ಕೆಳಗೆ ಮಗ್ಗ, ಮೇಲೆ ಮನೆ. ಶಾಂತವ್ವ ಕೆಲಸ ಬಿಟ್ಟು ತುಬಚಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಚೀಲ ಎಲ್ಲಿತ್ತೆಂದು ಅವಳು ಹೇಳಬಲ್ಲಳು. ಪ್ರಾಚಾರ್ಯರಿದ್ದಾರೆ. ಒಂದು ಕಾಲು ಹೊಸ್ತಿಲೊಳಗೆ ಇಟ್ಟಿದ್ದ ಅಧ್ಯಕ್ಷರೂ ಇದ್ದಾರೆ. ಮಲ್ಲು ಬೀಳಗಿ ಕಡೆಯ ಆ ಹೊಸ ಊರಿನಲ್ಲೇ ಇದ್ದಾನೆ.

ಹೋಗಿ ಕೇಳಬಹುದು. ಕೇಳಿದ ಕೂಡಲೇ ಅವರು ಉತ್ತರ ಕೊಡಲಿಕ್ಕಿಲ್ಲ. ಕಾಯಬೇಕು.